ಹದಿನೇಳನೆಯ ನಂಬರಿನ ಬೀಗ

ಬೆಳಗಿನ ಆರು ಗಂಟೆ. ಪರಿಹಾರ ಕಚೇರಿಯ ಬಾಗಿಲು ತೆರೆಯಲು ಇನ್ನೂ ನಾಲ್ಕು ತಾಸು ಬಾಕಿ. ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಟ್ಟೆಯ ಚೀಲದಿಂದ ಹಳೆಯ ಬೀಗಗಳನ್ನು ತೆಗೆದು ಸಾಲಾಗಿ ಇಡುತ್ತಿದ್ದಾರೆ. ಕೊಂಡಿ ಸೊಟ್ಟಗಿರುವುದು ಮುಚ್ಚಿಹೋದ ಕಾರ್ಖಾನೆಯ ಪಾಲಿಶ್ ವಿಭಾಗದ ಅಜ್ಜನದು. ಕೆಂಪು ದಾರ ಕಟ್ಟಿರುವುದು ಅಚ್ಚಿನ ವಿಭಾಗದ ಗಂಡ ಹೆಂಡತಿಯದು. ಇವತ್ತು ಒಟ್ಟು ಇಪ್ಪತ್ತಮೂರು. ಬೀಗಗಳ ಯಜಮಾನರು ಈ ಹೊತ್ತಿಗೆ ಎಲ್ಲೋ ಕಸ ಗುಡಿಸುತ್ತ, ಮೂಟೆ ಹೊರುತ್ತ ಇದ್ದಾರೆ. ರಜೆ ಹಾಕಿದರೆ ಆ ಕೆಲಸಕ್ಕೂ ಕುತ್ತು. ಹಾಗಾಗಿ ಅವರು ಹತ್ತಕ್ಕೆ ಓಡೋಡಿ ಬರುವವರೆಗೆ ಅವರ ಬೀಗಗಳೇ ಸರದಿಯಲ್ಲಿ ನಿಲ್ಲುತ್ತವೆ.

“ಕಲ್ಲಿಟ್ರೆ ಒದ್ದು ಹೋಗ್ತಾರೆ, ಚಪ್ಪಲಿ ಇಟ್ರೆ ಮೆಟ್ಕೊಂಡು ಹೋಗ್ತಾರೆ. ತುಕ್ಕು ಹಿಡಿದ ಬೀಗ ಯಾರಿಗೆ ಬೇಕು ಹೇಳಿ?” ಎಂದು ನಗುತ್ತಾರೆ ಆಕೆ. ಎಲ್ಲರ ಬಾಯಲ್ಲೂ ಅವರು ಬೀಗದಕ್ಕ.

ಬೀಗದಕ್ಕನಿಗೆ ಐವತ್ತಮೂರು ವರ್ಷ. ಇದೇ ರಸ್ತೆಯ ಕೊನೆಯ ಬೀಗದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಪರೀಕ್ಷೆಯ ಮೇಜಿಗೆ ಕೂತವರು. ಒಂದೊಂದು ಬೀಗವನ್ನೂ ಮೂರು ಸಲ ಹಾಕಿ ತೆಗೆದು, ಕಿವಿಗೆ ಹಿಡಿದು, ಸದ್ದು ಸರಿಯಿದ್ದರೆ ತಳಕ್ಕೆ ತಮ್ಮ ನಂಬರು ಹದಿನೇಳನ್ನು ಒತ್ತುವುದು ಕೆಲಸ. ದಿನಕ್ಕೆ ಆರುನೂರು ಬೀಗ. “ಕಣ್ಣು ಮೋಸ ಹೋಗುತ್ತೆ. ಕಿವಿ ಹೋಗಲ್ಲ,” ಎನ್ನುತ್ತಾರೆ.

ಆಮೇಲೆ ಹೊರದೇಶದ ಬೀಗಗಳು ಹಡಗಿನಲ್ಲಿ ಬಂದವು. ಥಳಥಳ ಹೊಳಪು, ಅರ್ಧ ಬೆಲೆ. ಅಂಗಡಿಯವರು ಇವರ ಮಾಲನ್ನು ಮೊದಲು ಹಿಂದಿನ ಸಾಲಿಗೆ ತಳ್ಳಿದರು, ಮತ್ತೆ ತರಿಸುವುದನ್ನೇ ಬಿಟ್ಟರು. ಎರಡು ಪಾಳಿ ಒಂದಾಯಿತು, ಒಂದು ಅರ್ಧವಾಯಿತು, ಕಡೆಗೆ ಗೇಟು ಮುಚ್ಚಿತು. ಎಲ್ಲ ಮುಗಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು: ಆಮದು ಪೈಪೋಟಿಯಿಂದ ಕೆಲಸ ಕಳೆದುಕೊಂಡವರಿಗೆ ಎರಡು ವರ್ಷ ಅರ್ಧ ಸಂಬಳ, ಜೊತೆಗೆ ಹೊಸ ಕೆಲಸದ ತರಬೇತಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯೇನೋ ಇದೆ. ಆದರೆ ಇಲ್ಲಿ ಹಾಕಿದ ಬಾಗಿಲಿನ ಹೊರಗೆ ನಿಂತವರು ಸಂತ್ರಸ್ತರೇ.

ನೆರವಿನ ಅರ್ಜಿ ಒಂಬತ್ತು ಪುಟ. ಅದನ್ನು ಬರೆದವರು ಅದನ್ನು ತುಂಬಬೇಕಾದವರನ್ನು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಬೀಗದಕ್ಕ ಬೆಳಿಗ್ಗೆ ಇದೇ ಮೆಟ್ಟಿಲ ಮೇಲೆ ದಿನಕ್ಕೆ ಎಂಟೊಂಬತ್ತು ಅರ್ಜಿ ತುಂಬಿಕೊಡುತ್ತಾರೆ, ಮಧ್ಯಾಹ್ನ ಹಾಸ್ಟೆಲೊಂದರಲ್ಲಿ ಪಾತ್ರೆ ತಿಕ್ಕಲು ಹೋಗುತ್ತಾರೆ. ಅವರು ಬರೆದ ಅರ್ಜಿಗಳಲ್ಲಿ ತೊಂಬತ್ತಾರು ಮಂಜೂರಾಗಿವೆ. ಅವರದೇ ಅರ್ಜಿ ತಿರಸ್ಕೃತವಾಗಿದೆ.

ಕಾರಣ? ನೆರವು ‘ತಯಾರಿಕೆಯಲ್ಲಿ ತೊಡಗಿದವರಿಗೆ’ ಮಾತ್ರವಂತೆ. ಪರೀಕ್ಷೆಯ ಮೇಜಿನ ಹನ್ನೆರಡು ಹೆಂಗಸರಿಗೂ ಬಂದದ್ದು ಒಂದೇ ಸಾಲಿನ ಉತ್ತರ: ‘ಅರ್ಜಿದಾರರು ಯಾವುದೇ ವಸ್ತುವನ್ನು ತಯಾರಿಸಿಲ್ಲ.’ ವರದಿಗೆಂದು ಬಂದ ನನಗೆ ಆ ಕಾಗದ ಓದಿ ಮೈಯೆಲ್ಲ ಉರಿಯಿತು. ಅದಕ್ಕೆ ಸಹಿ ಹಾಕಿದ ಮಹಾನುಭಾವರು ಪರೀಕ್ಷೆಯಾಗದ ಬೀಗವನ್ನು ತಮ್ಮ ಮನೆಗೆ ಹಾಕಿ ಊರಿಗೆ ಹೋಗುತ್ತಾರೆಯೇ? ಹನ್ನೆರಡು ಮಂದಿಯೂ ಮೇಲ್ಮನವಿ ಕೊಟ್ಟು ಏಳು ತಿಂಗಳಾಗಿದೆ.

ಬೀಗದಕ್ಕನ ಮನೆಯೆಂದರೆ ಒಂದೇ ಕೋಣೆ. ಮಂಚದ ಮೇಲಿನ ಅತ್ತೆಗೆ ಎಂಬತ್ತು ದಾಟಿದ್ದರೂ ನಾಲಿಗೆಗೆ ವಯಸ್ಸಾಗಿಲ್ಲ. “ಇವಳು ಪಾಸು ಮಾಡಿದ ಬೀಗ ಊರೋರ ಮನೆಯೆಲ್ಲ ಕಾಯುತ್ತೆ ಕಣಪ್ಪಾ. ನಮ್ಮನೇಲಿ ಕಾಯೋಕೇ ಏನೂ ಇಲ್ಲ!” ಸೊಸೆ ನಗುತ್ತಾರೆ. ನನಗೆ ನಗು ಬರಲಿಲ್ಲ.

ಕಳೆದ ಸೋಮವಾರ ನಡೆದದ್ದನ್ನು ಸರದಿಯಲ್ಲಿದ್ದ ನಲವತ್ತು ಜನವೂ ಕಂಡಿದ್ದಾರೆ. ಕಚೇರಿಯ ಬೀಗ, ಅದೇ ಹೊರದೇಶದ ಥಳಥಳ ಬೀಗ, ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಜವಾನ ತಿರುಚಿ ತಿರುಚಿ ಕೀಲಿಯ ಹಲ್ಲೇ ಸವೆಯಿತು. ಅಧಿಕಾರಿಯೂ ಬೀದಿಯಲ್ಲಿ, ಅರ್ಜಿದಾರರೂ ಬೀದಿಯಲ್ಲಿ.

“ಸ್ವಲ್ಪ ಸರೀರಿ ಸಾರ್,” ಎಂದ ಬೀಗದಕ್ಕ ತಲೆಯ ಪಿನ್ನು ತೆಗೆದು, ಬೀಗಕ್ಕೆ ಕಿವಿ ಕೊಟ್ಟರು. ಅರ್ಧ ನಿಮಿಷದಲ್ಲಿ ಬಾಗಿಲು ತೆರೆಯಿತು. “ಒಳಗಿನ ಸ್ಪ್ರಿಂಗಿಗೆ ಜೀವಾನೇ ಇಲ್ಲ. ನನ್ನ ಮೇಜಿಗೆ ಬಂದಿದ್ರೆ ಅವತ್ತೇ ಬುಟ್ಟಿಗೆ ಹಾಕ್ತಿದ್ದೆ,” ಎಂದರು.

ಹೊಸದು ಬರುವವರೆಗೆ ಒಂದು ಒಳ್ಳೆಯ ಬೀಗ ಸಿಕ್ಕೀತೇ ಎಂದು ಕೇಳಿದರಂತೆ ಅಧಿಕಾರಿ. ಬೀಗದಕ್ಕ ಸಾಲಿನ ಕೊನೆಯಲ್ಲಿದ್ದ ತಮ್ಮದನ್ನೇ ಕೀಲಿಸಮೇತ ಎತ್ತಿಕೊಟ್ಟರು. ಕಚೇರಿಯ ಬಾಗಿಲಿಗೆ ಈಗಲೂ ಅದೇ ಇದೆ.

ಮೇಲ್ಮನವಿ ಏನಾಯಿತೆಂದು ಅಧಿಕಾರಿಯನ್ನು ನಾನೇ ಕೇಳಿದೆ. “ಪರಿಶೀಲನೆಯಲ್ಲಿದೆ” ಎಂದರು. ಮುಖ ಎತ್ತಲಿಲ್ಲ.

ಹೊರಗೆ ಬೀಗದಕ್ಕ ಬೀಗಗಳನ್ನು ಚೀಲಕ್ಕೆ ತುಂಬುತ್ತಿದ್ದರು. ನಿಮಗೇನಾಗಬೇಕು ಎಂದೆ.

“ದುಡ್ಡು ಬೇಡ ಅನ್ನೋಷ್ಟು ದೊಡ್ಡೋಳಲ್ಲ ನಾನು. ಬಂದ್ರೆ ಹನ್ನೆರಡು ಮನೆ ಒಲೆ ಉರಿಯುತ್ತೆ. ಆದ್ರೆ ಮೊದ್ಲು ಕಾಗದದಲ್ಲಿರೋ ಆ ಸಾಲು ಹೊಡೆದುಹಾಕ್ಲಿ,” ಎಂದವರು ಬಾಗಿಲತ್ತ ಕೈ ತೋರಿಸಿದರು. “ದಿನಾ ಸಂಜೆ ನಮ್ಮ ಅರ್ಜಿ ಒಳಗಿಟ್ಟು, ನನ್ನ ಬೀಗ ಹಾಕ್ಕೊಂಡು ನೆಮ್ಮದಿಯಾಗಿ ಮನೆಗೆ ಹೋಗ್ತಾರೆ. ನಾನು ಏನೂ ತಯಾರಿಸಿಲ್ಲ ಅಂದೋರು, ಬೆಳಿಗ್ಗೆ ಬಾಗ್ಲು ತೆಗೆಯುವಾಗ ಒಂದೇ ಒಂದ್ಸಲ ಅದರ ತಳ ತಿರುಗಿಸಿ ನೋಡ್ಲಿ.”