ತೊತ್ಕಾ ಮಿನೇವಾಳ ಐದನೆಯ ಸದಸ್ಯ

ಸ್ಲಿವೆನ್ ಊರಿನ ಉಣ್ಣೆ ಗಿರಣಿಯಲ್ಲಿ ತೊತ್ಕಾ ಮಿನೇವಾ ಇಪ್ಪತ್ತೇಳು ವರ್ಷ ಬಟ್ಟೆ ತಪಾಸಣೆ ಮಾಡಿದಳು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆಯ ಥಾನು ಸರಿದುಹೋಗುವಾಗ ತಪ್ಪಿದ ಒಂದು ಎಳೆಯೂ ಆಕೆಯ ಕಣ್ಣಿಗೆ ಮರೆಯಾಗುತ್ತಿರಲಿಲ್ಲ. ಗಿರಣಿ ಮುಚ್ಚಿದ ಮೇಲೆ ಆ ಕಣ್ಣಿಗೆ ಕೆಲಸ ಬೇಕಾಯಿತು.

ವಾಚನಾಲಯದ ಕಂಪ್ಯೂಟರ್ ತರಗತಿಯಲ್ಲಿ ಆಕೆಗೆ ವೆಸ್ತಾರಿಯಾ ಸಿಕ್ಕಿತು. ಅದು ಯಾವ ಭೂಪಟದಲ್ಲೂ ಇಲ್ಲದ, ಅರವತ್ತೆರಡು ಜನ ಅಂತರ್ಜಾಲದಲ್ಲಿ ಸೇರಿ ಆಡುವ ದೇಶ. ಆಡುವವರೆಲ್ಲ ಅಲ್ಲಿ ಶಾಸಕರು. ಮಸೂದೆ ಬರೆಯುತ್ತಾರೆ, ವಾದಿಸುತ್ತಾರೆ, ಸರ್ಕಾರ ಬೀಳಿಸುತ್ತಾರೆ. ತೊತ್ಕಾ ಸೇರಿದ್ದು 'ದುಡಿಮೆ ಮತ್ತು ಬೆಳಕು' ಎಂಬ ಪುಟ್ಟ ಪಕ್ಷವನ್ನು. ಎಡಕ್ಕೆ ವಾಲಿದರೂ ನಡುದಾರಿ ಬಿಟ್ಟು ಬಹುದೂರ ಹೋಗದ ಪಕ್ಷ. ಅದು ಅಧಿಕಾರದಲ್ಲಿದ್ದದ್ದು ಹನ್ನೊಂದೇ ದಿನ, ಆ ಹನ್ನೊಂದು ದಿನವೂ ಕಾರ್ಮಿಕ ಮಂತ್ರಿ ಆಕೆಯೇ. ಬೇರೆಯವರು ಎಲ್ಲಿಂದಲೋ ಕಾಯಿದೆ ನಕಲು ಮಾಡಿ ಅಂಟಿಸುತ್ತಿದ್ದರೆ ಆಕೆ ಪ್ರತಿ ಕಲಮನ್ನೂ ಸ್ವತಃ ಬರೆಯುತ್ತಿದ್ದಳು.

ಗಂಡ ಕಾನ್ಯೋ ಮಿನೇವ್ ಅದೇ ಗಿರಣಿಯಲ್ಲಿ ಮಗ್ಗದ ಮೆಕ್ಯಾನಿಕ್ ಆಗಿದ್ದವನು. "ಮಂತ್ರಿಗಳೇ, ನಿಮ್ಮ ದೇಶದಲ್ಲಿ ಪಾತ್ರೆ ಯಾರು ತೊಳೀತಾರೆ?" ಎಂದು ವರ್ಷಗಟ್ಟಲೆ ಅದೊಂದೇ ಹಾಸ್ಯ ಮಾಡಿದ.

ಆ ಸೆಪ್ಟೆಂಬರಿನಲ್ಲಿ ಒಬ್ಬ ಸದಸ್ಯ ಆಟ ಬಿಟ್ಟ. ಪಕ್ಷದಲ್ಲಿ ಉಳಿದವರು ನಾಲ್ವರು. ಐವರಿಲ್ಲದ ಪಕ್ಷದ ಹೆಸರನ್ನು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ದಾಖಲೆಯಿಂದ ಹೊಡೆದುಹಾಕುವುದು ನಿಯಮ. ಪಕ್ಷದ ಕಾರ್ಯದರ್ಶಿ, ಬುರ್ಗಾಸ್ ಊರಿನ ಪ್ಲಾಮೆನ್ ಎಂಬ ಹುಡುಗ, ಫೋನ್ ಮಾಡಿ ಒಂದು ಸುಳ್ಳು ಹೆಸರಿನಲ್ಲಿ ಖಾತೆ ತೆರೆದುಬಿಡೋಣ ಎಂದ.

"ಅತ್ತೆ, ವ್ಯಾಪಾರಿಗಳ ಪಕ್ಷದಲ್ಲಿ ಅರ್ಧ ಜನ ಇನ್ನೂ ಹುಟ್ಟೇ ಇಲ್ಲ."

"ಹುಟ್ಟದೇ ಇರೋರನ್ನ ನಂಬಿ ಬದುಕೋದಾದ್ರೆ ಪಕ್ಷ ಸಾಯ್ಲಿ ಬಿಡಪ್ಪ," ಎಂದಳು ತೊತ್ಕಾ.

ಬಾಲ್ಕನಿಯಲ್ಲಿ ದಪ್ಪಮೆಣಸಿನಕಾಯಿ ಸುಡುತ್ತಿದ್ದ ಕಾನ್ಯೋಗೆ ಇದು ಕೇಳಿಸಿತು. ಕೈ ಒರೆಸಿಕೊಂಡು ಬಂದು, ತಾನು ಹುಟ್ಟಿದ್ದಕ್ಕೆ ಪುರಾವೆ ಇದೆ ಎನ್ನುತ್ತ ತನ್ನ ಫೋನಿನಲ್ಲೇ ಸದಸ್ಯತ್ವದ ಅರ್ಜಿ ತುಂಬಿದ.

ಮರುದಿನ, ಗುರುವಾರ, ನೋಟೀಸು ಬಂತು. ಆಟದ ದಾಖಲಾತಿ ಅಧಿಕಾರಿ ವಿದಿನ್ ಊರಿನ ಹಲ್ಲಿನ ವೈದ್ಯ, ಭಾರಿ ಕಟ್ಟುನಿಟ್ಟಿನವನು. ಇಬ್ಬರು ಸದಸ್ಯರು ಒಂದೇ ಮನೆಯ ಅಂತರ್ಜಾಲ ಸಂಪರ್ಕದಿಂದ ಬರುತ್ತಿದ್ದಾರೆ, ಕಾನ್ಯೋ ಎಂಬವನು ತೊತ್ಕಾಳೇ ಇರಬೇಕು ಎಂದು ಅವನ ಅನುಮಾನ. ಭಾನುವಾರದೊಳಗೆ ಅದು ಸುಳ್ಳೆಂದು ತೋರದಿದ್ದರೆ ಆಟದಲ್ಲಿ ಪಕ್ಷವೂ ಇಲ್ಲ, ತೊತ್ಕಾಳೂ ಇಲ್ಲ. ಅಲ್ಲಿಯವರೆಗೆ ಇಬ್ಬರೂ ಮಾತಾಡಬಹುದು, ಮತ ಹಾಕಬಹುದು. ಗುರುತಿನ ಚೀಟಿಯ ಚಿತ್ರ ಯಾರದ್ದು ಬೇಕಾದರೂ ಸಿಗುತ್ತದೆಂದು ಅವನು ಅದನ್ನು ಒಪ್ಪಲಿಲ್ಲ. ಸುಳ್ಳು ಎಳೆಯನ್ನು ಎಂದೂ ದಾಟಗೊಡದವಳಿಗೆ ಸುಳ್ಳುಗಾತಿ ಎಂಬ ಹೆಸರು. ಎರಡು ದಿನ ಆಕೆ ಸರಿಯಾಗಿ ಉಣ್ಣಲಿಲ್ಲ.

ಶನಿವಾರ ಆಕೆಯ ಮಸೂದೆ ಚರ್ಚೆಗೆ ಬಂತು: ನೇಯುವ ಹೆಂಗಸರಿಗೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು. ಆರು ವಾರದ ಕೆಲಸ. ಮೊದಲು ಮಾತಾಡಿದ್ದು ಕಾನ್ಯೋ ಮಿನೇವ್. ಬಿಡುವಿನಲ್ಲಿ ಮಗ್ಗ ನಿಲ್ಲಿಸಬೇಕೆಂದು ಇದರಲ್ಲಿ ಎಲ್ಲೂ ಇಲ್ಲ, ಎಂದು ಅವನು ಬರೆದ. ನೋಡುವವರಿಲ್ಲದ ಮಗ್ಗದಲ್ಲಿ ನೂಲು ಕಡಿದುಹೋಗುತ್ತದೆ, ಬೈಗುಳ ಮೆಕ್ಯಾನಿಕ್ಕಿಗೆ. ಬರೆದವರು ಬಟ್ಟೆ ನೋಡಿದ್ದಾರೆ, ಮಗ್ಗ ನೋಡಿಲ್ಲ. ತನ್ನ ಮತ ವಿರುದ್ಧ.

ತೊತ್ಕಾ ಬಾಲ್ಕನಿಗೆ ಹೋದಳು.

"ಇದನ್ನ ಮನೇಲೇ ಹೇಳಬಹುದಿತ್ತು."

"ಮೂವತ್ತು ವರ್ಷ ಮನೇಲೇ ಹೇಳಿದೀನಿ," ಎಂದ ಕಾನ್ಯೋ, ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ. "ಇವತ್ತು ಅರವತ್ತು ಜನ ಕೇಳಿಸ್ಕೊಂಡ್ರು."

ಆಕೆ ಒಳಗೆ ಹೋಗಿ ಸಭೆಯಲ್ಲೇ ಉತ್ತರ ಬರೆದಳು. ಅವನು ಬಾಲ್ಕನಿಯಿಂದ ಮರುತ್ತರ ಕೊಟ್ಟ. ಎರಡು ಗಂಟೆ ಬೇರೆ ಯಾರೂ ಬಾಯಿ ಹಾಕಲಿಲ್ಲ. ವಾದವು ಗಿರಣಿಯ ಒಂದು ಚಳಿಗಾಲದಲ್ಲಿ ಒಂಬತ್ತನೆಯ ಮಗ್ಗ ಕೆಟ್ಟದ್ದು ಯಾರ ತಪ್ಪು ಎನ್ನುವಲ್ಲಿಗೆ ಹೋಗಿ ಮುಟ್ಟಿತು. ಕೊನೆಗೆ ಮಸೂದೆ ಒಂದೇ ಮತದಿಂದ ಬಿತ್ತು: ಪರ ಮೂವತ್ತು, ವಿರುದ್ಧ ಮೂವತ್ತೊಂದು.

ಭಾನುವಾರ ಹನ್ನೊಂದೂವರೆಗೆ ವೈದ್ಯನ ತೀರ್ಪು ಬಂತು. "ತನ್ನ ಮಸೂದೆಯನ್ನು ತಾನೇ ಸೋಲಿಸಲು ಯಾರೂ ಒಬ್ಬ ಮನುಷ್ಯನನ್ನು ಸೃಷ್ಟಿಸುವುದಿಲ್ಲ. ಮಿನೇವ್ ಇದ್ದಾನೆ. ದುಡಿಮೆ ಮತ್ತು ಬೆಳಕು, ಸದಸ್ಯರು ಐವರು."

ಸೋಮವಾರ ತೊತ್ಕಾ ಅದನ್ನು ವಾಚನಾಲಯದಲ್ಲಿ ಮುದ್ರಿಸಿ ತಂದು, ಅಡುಗೆಮನೆಯ ಗೋಡೆಯಲ್ಲಿ ಗಿರಣಿ ಕೊಟ್ಟ ಪದಕದ ಪಕ್ಕಕ್ಕೆ ಅಂಟಿಸಿದಳು. ಆಮೇಲೆ ಮಸೂದೆಯ ನಾಲ್ಕನೆಯ ಕಲಮನ್ನು ಹೊಸದಾಗಿ ಬರೆಯಲು ಕುಳಿತು, ಗಂಡನನ್ನು ಕರೆದು, ಮಗ್ಗ ಪೂರ್ತಿ ನಿಲ್ಲುವುದಕ್ಕೆ ಎಷ್ಟು ನಿಮಿಷ ಬೇಕೆಂದು ಕೇಳಿದಳು.