ಹಸಿ ಹಪ್ಪಳದಂಥ ಚರ್ಮ

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಹಲಸಿನಕಾಯಿ ಹಪ್ಪಳ ಹರಡುತ್ತಿದ್ದಾಗ, ಮಕ್ಕಳೇ, ನಿಮ್ಮಲ್ಲಿ ಕಿರಿಯವಳು ನನ್ನ ಕೈ ಹಿಡಿದು ಕೇಳಿದಳು: "ಅಜ್ಜಿ, ಇದೆಂತ ನೇರಳೆ ಬಣ್ಣ? ಎಲ್ಲಿ ಬಿದ್ದದ್ದು?"

ಬಿದ್ದಿರಲಿಲ್ಲ. ಚಾಪೆಯ ಅಂಚು ತಾಗಿತ್ತು, ಅಷ್ಟೇ. ಸೆರಗು ಎಳೆದು ಮುಚ್ಚಿಕೊಂಡೆ. ಕೀಲುವಾತಕ್ಕೆ ಸುಳ್ಯದ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಮಾತ್ರೆ ಬಹಳ ಕಾಲ ನುಂಗಿದರೆ ಚರ್ಮ ತೆಳುವಾಗಿ ಹೀಗಾಗುತ್ತದೆಂದು ನನಗೆ ಗೊತ್ತು. ಆದರೂ ಒಳಗೆ ಬಂದವಳು ಇವತ್ತಿನ ಮಾತ್ರೆಯನ್ನು ನುಂಗದೆ ಲೋಟದ ಪಕ್ಕದಲ್ಲೇ ಬಿಟ್ಟೆ. ನಾಚಿಕೆ ಮುದುಕಿಯಾದರೂ ಬಿಡುವುದಿಲ್ಲ ನೋಡಿ.

ಆಗ ಅತ್ತಿಗೆ ನೆನಪಾದರು. ನಿಮ್ಮ ಅಜ್ಜನ ಅಕ್ಕ, ನೀವು ನೋಡಿದವರಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರು ಕಾಯಿಲೆಯೆಂದು ಕಾಣಿಯೂರಿನಿಂದ ತವರಿಗೆ ಬಂದಿದ್ದರು. ಮೈಯೆಲ್ಲ ನೀರುಗುಳ್ಳೆ ಎದ್ದು ಒಡೆಯುತ್ತಿತ್ತು. ಬಟ್ಟೆ ಅಂಟುತ್ತದೆಂದು ಬಾಳೆಲೆ ಹಾಸಿ ಮಲಗಿಸುತ್ತಿದ್ದೆವು. ಮಾತಿನಲ್ಲಿ ನಾನು ಹಿಂದೆ, ಕೆಲಸದಲ್ಲಿ ಮುಂದೆ. ಹಾಗಾಗಿ ಎಲೆ ಕೊಯ್ದು ಒರೆಸಿ ತರುವ ಕೆಲಸ ನನ್ನದಾಯಿತು. ಮಂಗಳೂರಿನ ಡಾಕ್ಟರು ಈ ಮಾತ್ರೆಯನ್ನೇ ಕೊಟ್ಟರು. ಗುಳ್ಳೆ ಬತ್ತಿತು. ಹುಣ್ಣಿನ ಅಂಚಿನಿಂದ ನಡುವಿಗೆ ಹೊಸ ಚರ್ಮ ಹಬ್ಬಿಕೊಂಡು ಬಂತು, ಯಾರೂ ನೇಯದೆ, ಯಾರೂ ಹೊಲಿಯದೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನಾನು ಎಲೆ ಹಿಡಿದುಕೊಂಡು ಬಾಯಿಬಿಟ್ಟು ನೋಡುತ್ತಿದ್ದೆ.

ಮಾತ್ರೆ ನಿಲ್ಲಿಸುವ ಹಾಗಿರಲಿಲ್ಲ. ವರ್ಷ ಕಳೆದಂತೆ ಅತ್ತಿಗೆಯ ಮೋರೆ ದುಂಡಗಾಯಿತು. "ತವರಿನ ಊಟ ಹಿಡಿಸಿತು" ಎಂದು ನಕ್ಕವರೂ ಇದ್ದಾರೆ. ಮೀಯಲು ಬಿಸಿನೀರು ಹೊಯ್ಯುವಾಗ ಹೊಟ್ಟೆಯ ಮೇಲೆ ಹೊಳೆಯುವ ಕೆನ್ನೀಲಿ ಗೆರೆಗಳು ಕಾಣುತ್ತಿದ್ದವು. ಚರ್ಮ ಎಷ್ಟು ತೆಳುವಾಯಿತೆಂದರೆ, ಒಮ್ಮೆ ಬಾಗಿಲ ಚಿಲಕ ತಾಗಿದ್ದಕ್ಕೇ ಮುಂಗೈಯ ಸಿಪ್ಪೆ ಸುಲಿದು ಮಡಚಿಕೊಂಡಿತು. ಕಂಪೌಂಡರು ಪ್ಲಾಸ್ಟರು ಅಂಟಿಸಿ ಕಳಿಸಿದರು.

ಅದನ್ನು ನೋಡಿ ನಮ್ಮತ್ತೆಯ ತಂಗಿ, ಅಂದರೆ ಚಿಕ್ಕಮ್ಮ, ಎದೆ ಬಡಿದುಕೊಂಡರು. "ಮೈಮೇಲೆ ಪಟ್ಟೆ, ಪೊರೆ ಬಿಟ್ಟ ಹಾಗೆ ಚರ್ಮ. ಇದು ನಾಗನದ್ದೇ ದೋಷ! ಮಾತ್ರೆ ಇವತ್ತೇ ಬಿಡು ಮಾರಾಯ್ತಿ, ನಾಗನಿಗೆ ತಂಬಿಲದ ಪೂಜೆ ಮಾಡಿಸು."

ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಎಲ್ಲರೂ ಅತ್ತಿಗೆಯನ್ನೇ ನೋಡಿದರು.

"ತಂಬಿಲವೂ ಮಾಡುವ ಚಿಕ್ಕಮ್ಮ, ಮಾತ್ರೆಯೂ ನುಂಗುವ," ಎಂದರು ಅತ್ತಿಗೆ. "ನಾಗನಿಗೆ ಹಾಲು, ನನಗೆ ಮಾತ್ರೆ. ಇಬ್ಬರಿಗೂ ಬೇಸರ ಬೇಡ."

"ಮತ್ತೆ ಈ ಚರ್ಮ?"

"ಇರ್ಲಿ. ಬಾಳೆಲೆಯಲ್ಲಿ ಮಲಗಿದವಳಿಗೆ ಚರ್ಮ ಅಂತ ಒಂದು ಉಂಟಲ್ಲ, ಅದೇ ದೊಡ್ಡದು."

ಪ್ಲಾಸ್ಟರು ತೆಗೆಯುವ ದಿನ ನಾನು ಅದರ ಅಂಚು ಹಿಡಿದು ಮತ್ತೆ ಬಿಟ್ಟೆ. "ಎಂತ ಹೆದರುದು? ಚಾಪೆಯಿಂದ ಹಸಿ ಹಪ್ಪಳ ಏಳಿಸುದು ಗೊತ್ತುಂಟಲ್ಲ ನಿನಗೆ? ಎಳೆದ್ರೆ ಹರೀತದೆ. ಅದಾಗಿಯೇ ಬಿಡ್ಲಿ," ಎಂದರು ಅತ್ತಿಗೆ. ಅಂಚಿಗೆ ತೆಂಗಿನೆಣ್ಣೆ ಹಚ್ಚಿ ಕುಳಿತೆ. ಅವರು ಚಿಕ್ಕಮ್ಮನ ನಡಿಗೆಯನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದರು. ನಗುನಗುತ್ತಲೇ ನೋಡುತ್ತೇನೆ, ಪ್ಲಾಸ್ಟರಿನ ಅಂಚು ತಾನಾಗಿ ಎದ್ದಿದೆ. ಅದರಡಿಯಲ್ಲಿ ಎಳೆ ಚರ್ಮ. ನರದ ನೀಲಿ ಕಾಣುವಷ್ಟು ತೆಳು, ಆದರೆ ಎಲ್ಲೂ ಹರಿದಿಲ್ಲ. ದೇವರ ಕೋಣೆಯಲ್ಲಿ ನಿಂತ ಹಾಗೆ ಇಬ್ಬರೂ ಅದನ್ನೇ ನೋಡಿದೆವು. ಅತ್ತಿಗೆ ಆ ಚರ್ಮದಲ್ಲಿ ಮತ್ತೂ ಬಹಳ ಕಾಲ ಬಾಳಿದರು.

ಇಷ್ಟು ನೆನೆದು ಲೋಟದ ಪಕ್ಕದ ಮಾತ್ರೆ ನುಂಗಿದೆ. ಚಿಕ್ಕವಳನ್ನು ಕರೆದು ಕೈ ತೋರಿಸಿದೆ. ಅವಳು ಒಂದೇ ಬೆರಳಲ್ಲಿ ಮೆಲ್ಲಗೆ ಮುಟ್ಟಿ, "ಅಜ್ಜಿ, ಒಳಗೆ ರಕ್ತ ಹೋಗುದು ಕಾಣ್ತದೆ!" ಎಂದು ಕಣ್ಣರಳಿಸಿದಳು.

ಹಪ್ಪಳ ತಿರುಗಿಸುವ ಹೊತ್ತಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಜೊತೆ ಅಂಗಳಕ್ಕಿಳಿದೆ.