ಹವಾಲ್ದಾರರನ್ನು ತಿದ್ದಿದ ಯವ್ವ

ಫೌಜಿನಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ಬಿ.ಎ. ಓದುವ ನಾವು ನಾಲ್ವರು ಪಾಠ ಹಂಚಿಕೊಂಡು, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಒಬ್ಬರಿಗೊಬ್ಬರು ಕಲಿಸುತ್ತೇವೆ. ಅರ್ಥಶಾಸ್ತ್ರ ನಮ್ಮ ನಾಲ್ವರಲ್ಲೇ ಒಬ್ಬರಾದ ಹವಾಲ್ದಾರರದು. ಅವರು ಹೇಳಿದ್ದನ್ನು ಸಿಪಾಯಿಗಳಾದ ಉಳಿದ ಮೂವರು ಪ್ರಶ್ನಿಸುವುದುಂಟೇ? ಹಾಗೇ ಬಾಯಿಪಾಠ ಮಾಡಿದ್ದೆವು.

ರಜೆಯಲ್ಲಿ ಊರಿಗೆ ಬಂದವನು ಪರೀಕ್ಷೆಗೆಂದು ಮಾನ್ವಿಯಿಂದ ರಾಯಚೂರಿನ ಬಸ್ಸು ಹತ್ತಿದೆ. ಇಯರ್‌ಫೋನ್ ಮರೆತಿದ್ದರಿಂದ ಫೋನಿನಲ್ಲಿ ಹಾಕಿದ ಹವಾಲ್ದಾರರ ಪಾಠ ಬಸ್ಸಿಗೆಲ್ಲ ಕೇಳುತ್ತಿತ್ತು.

"ದರ ಇಳಿದರೆ ರೈತರು ಹೆಚ್ಚು ಮಾಲು ಮಾರುತ್ತಾರೆ!" ಎಂದು ಹವಾಲ್ದಾರರು ಗುಡುಗಿದರು.

ಪಕ್ಕದ ಮುದುಕಿ ಸಿಡುಕಿದಳು: "ಯಾರಪ್ಪಾ ಇಂವ? ದರ ಬಿದ್ರ ನೆಲ್ಲು ಮನ್ಯಾಗ ಇಟ್ಕೊಂಡು ಕುಂದ್ರತೀವಿ. ಏರಿದ್ರ ಮಾರ್ತೀವಿ!"

"ಯವ್ವಾ, ಇನ್ನೊಮ್ಮಿ ಹೇಳ್ರಿ," ಎಂದು ರೆಕಾರ್ಡ್ ಮಾಡಿ ನಮ್ಮ ನಾಲ್ವರ ವಾಟ್ಸಾಪ್ ಗುಂಪಿಗೆ ಕಳಿಸಿದೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಫಲಿತಾಂಶ ನೋಡಿದರೆ ನಾಲ್ವರೂ ಫಸ್ಟ್ ಕ್ಲಾಸ್! ಹವಾಲ್ದಾರರು ಯವ್ವನಿಗೆ ಗುಂಪಿನಲ್ಲೇ ಸೆಲ್ಯೂಟ್ ಹೊಡೆದರು.

ಅವರನ್ನು ತಿದ್ದುವ ಧೈರ್ಯ ನಮಗಿನ್ನೂ ಬಂದಿಲ್ಲ. ಮುಂದಿನ ಪರೀಕ್ಷೆಗೂ ಅದೇ ಬಸ್ಸು ಹತ್ತುತ್ತೇನೆ.